ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ಹಿಂದೂ ಮಹಾರಾಜರ ಸಂಸ್ಥಾನದಲ್ಲಿ ಹದಿನೈದು ವರ್ಷ ಕಾರಭಾರ ನಡೆಸಿದ ಮುಸಲ್ಮಾನ ದಿವಾನರೊಬ್ಬರು ಮುಸಲ್ಮಾನ ದೊರೆಯ ಸಂಸ್ಥಾನದಲ್ಲಿ ಒಂದು ವರ್ಷ ತುಂಬುವವರೆಗೂ ನಿಲ್ಲಲಾರದೆ ಹೋದರು. ಸರ್ ಮಿರ್ಜಾ ಇಸ್ಮಾಯಿಲ್ ಅವರ ಜೀವಿತದಲ್ಲಿ ವಾಚಕರು ಮೊದಲು ಗಮನಿಸತಕ್ಕ ಸಂಗತಿ ಇದೇ ಎಂದು ನಾವು ಬಗೆಯುತ್ತೇವೆ.

ಅವರ ಪಿತಾಮಹ ಆಗಾ ಅಲಿ ಅಸ್ಕರ್ ಪಾರಸೀಕ ದೇಶದ ಶಿರಾಜಿನಿಂದ ಕುದುರೆಯ ವ್ಯಾಪಾರಕ್ಕೆಂದು ಬಂದು ಬೆಂಗಳೂರಿನಲ್ಲಿ ನೆಲೆಸಿದವರು. ಮೊಮ್ಮಗನು 1883ರಲ್ಲಿ ಅಲ್ಲಿಯೇ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಬೆಳೆದು, 1926ರಲ್ಲಿ ದಿವಾನಗಿರಿಗೆ ಏರಿದನು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಕನ್ನಂಬಾಡಿಯ ಬೃಂದಾವನ, ಬೆಂಗಳೂರಿನ ಪುರಭವನ ಇವೆಲ್ಲ ಅವರ ಕಾಲದವು. ಬೇಲೂರು ಸೀಮೆಯ ಬಿಕ್ಕೋಡಿನ ರೈತನೂ ಬೆಂಗಳೂರು ಪೇಟೆಯ ವರ್ತಕನೂ ತಾವು ಮೈಸೂರಿನವರೆಂದು ಅಭಿಮಾನದಿಂದ ಹೇಳಿಕೊಳ್ಳಲು ಅರಮನೆಯ ಬಿರುದಾವಳಿಗಿಂತ ಇಂತಹ ಕಾರ್ಯಗಳೇ ಹೆಚ್ಚು ನೆರವಾದುವೆಂಬುದು ನಮ್ಮ ಅಭಿಪ್ರಾಯ. ಹೂದೋಟಗಳ ವಿಷಯದಲ್ಲಿ ಅವರಿಗಿದ್ದ ವ್ಯಾಮೋಹವನ್ನು ಕಂಡು ನಕ್ಕವರೂ ಸಂಜೆಯ ವೇಳೆ ಅದೇ ತೋಟಗಳಲ್ಲಿ ತಿರುಗಾಡಿದರು.

ಆದರೆ ಹೊಗಳಿಕೆಯಲ್ಲಿಯೇ ಮುಗಿಸುವುದು ನ್ಯಾಯವಲ್ಲ. 1928ರ ಬೆಂಗಳೂರಿನ ಗಣಪತಿ ಗಲಭೆಯ ಕಾಲದಲ್ಲಿ ಜನರ ಅವಿಶ್ವಾಸವು ಅವರ ಸರ್ಕಾರದ ಮೇಲೆ ಬಿದ್ದಿತು. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗಿಗೆ ಅವರು ಕಿವಿಗೊಡಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜದ ಸಲುವಾಗಿ ನೆರೆದಿದ್ದ ನಿರಾಯುಧರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ರಕ್ತದ ಹೊಣೆಯಿಂದ ದಿವಾನರನ್ನು ನಾವು ಬಿಡಿಸಲಾರೆವು. ಮುಂದಿನ ತಿಂಗಳು ಸರ್ದಾರ್ ಪಟೇಲರು ಬಂದು ಮಾತನಾಡಿದ ಮೇಲೆಯೇ ಕಾಂಗ್ರೆಸ್ಸಿನ ಧ್ವಜಕ್ಕೆ ಸಂಸ್ಥಾನದ ಧ್ವಜದೊಡನೆ ಸ್ಥಾನ ದೊರೆಯಿತು.

ನಾಲ್ವಡಿಯವರು ತೀರಿಕೊಂಡ ಮರುವರ್ಷ, 1941ರಲ್ಲಿ, ಅವರು ರಾಜೀನಾಮೆ ಇತ್ತರು. ಜಯಪುರದ ಅಧಿಕಾರವಾದ ಮೇಲೆ, ಜಿನ್ನಾರ ವಿರೋಧವಿದ್ದರೂ, 1946ರಲ್ಲಿ ಹೈದರಾಬಾದಿನ ಪ್ರಧಾನಿಯಾದರು. ತೆಲುಗು, ಮರಾಠಿ, ಕನ್ನಡಗಳನ್ನಾಡುವ ಜನರೇ ಬಹುಪಾಲಿದ್ದ ಆ ಸಂಸ್ಥಾನದಲ್ಲಿ, ಪ್ರಭುತ್ವವು ಅಲ್ಲಿನ ಮುಸಲ್ಮಾನ ಸಮುದಾಯದ್ದೆಂದು ಇತ್ತೆಹಾದ್ ಪಕ್ಷವು ಸಾರುತ್ತಿತ್ತು. ದೇಶವಿಭಜನೆಯನ್ನೇ ಒಪ್ಪದಿದ್ದ ಮಿರ್ಜಾರವರಿಗೆ ಈ ವಾದವು ಹೇಗೆ ರುಚಿಸೀತು? ಭಾರತದೊಡನೆ ಹೊಂದಿಕೊಳ್ಳುವುದೇ ನಿಜಾಮರಿಗೆ ಕ್ಷೇಮವೆಂಬುದು ಅವರ ನಿಲುವಾಗಿತ್ತು. ಇತ್ತೆಹಾದಿನವರ ಹಗೆ ಬೆಳೆಯಿತು. 1947ರ ಮೇ ತಿಂಗಳಲ್ಲಿ ಅವರು ಹುದ್ದೆಯನ್ನು ತೊರೆದರು. ನಿಜಾಮರು ಬೇರೆ ದಾರಿ ಹಿಡಿದು 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯಕ್ಕೆ ಶರಣಾಗಬೇಕಾಯಿತು.

1956ರ ನವೆಂಬರ್ 1ರಂದು ನಿಜಾಮರ ಸೀಮೆಯ ಬೀದರ್, ಗುಲ್ಬರ್ಗಾ, ರಾಯಚೂರುಗಳ ಕನ್ನಡಿಗರು ಬಿಕ್ಕೋಡಿನ ಕನ್ನಡಿಗರೊಡನೆ ಒಂದೇ ರಾಜ್ಯದ ಪ್ರಜೆಗಳಾದರು. ಎರಡು ಆಸ್ಥಾನಗಳನ್ನೂ ಬಲ್ಲ ಮಿರ್ಜಾರವರು ಅದನ್ನು ಕಣ್ಣಾರೆ ಕಂಡು, 1959ರ ಜನವರಿಯಲ್ಲಿ, ಹುಟ್ಟಿದ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.