ಜೋಡಿ ಸಿಗದ ಮಲ್ಲ: ಶ್ರೀರಂಗಪಟ್ಟಣದ ರಣಧೀರ ಕಂಠೀರವ

ಕುಸ್ತಿಯ ನಿಜವಾದ ರಸಿಕನಿಗೆ ಪಂದ್ಯದ ದಿನಕ್ಕಿಂತ ಜೋಡಿ ಕಟ್ಟುವ ದಿನವೇ ಹೆಚ್ಚು ಪ್ರಿಯ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯಲ್ಲಿ ನಾಡಕುಸ್ತಿ ಏರ್ಪಟ್ಟಾಗ ಹಿರಿಯ ಉಸ್ತಾದರು ಹುಡುಗರನ್ನು ಎದುರುಬದುರು ನಿಲ್ಲಿಸುತ್ತಾರೆ. ಕತ್ತಿನ ದಪ್ಪ, ಹೆಗಲ ಹರವು, ಕಾಲಿನ ನಿಲುವು, ಉಸಿರಿನ ಬಲ ಎಲ್ಲವನ್ನೂ ಕಣ್ಣಳತೆಯಲ್ಲೇ ತೂಗಿ, ಯಾರಿಗೆ ಯಾರು ಸಮ ಎಂದು ತೀರ್ಮಾನಿಸುತ್ತಾರೆ. ಐಪಿಎಲ್ ಹರಾಜಿನಲ್ಲಿ ಯಾವ ಹುಡುಗ ಮುಂದೆ ಬೆಳೆದಾನು, ಯಾರಿಗೆ ಎಷ್ಟು ಬೆಲೆ ಕಟ್ಟಬಹುದು ಎಂದು ಲೆಕ್ಕ ಹಾಕುವವರು ಮಾಡುವ ಕೆಲಸವನ್ನೇ ನಮ್ಮ ಗರಡಿ ಮನೆಯ ಹಿರಿಯರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಅಂದಾಜು ತಪ್ಪಿದರೆ ಮಟ್ಟಿಯ ಸುತ್ತ ನೆರೆದ ಜನ ಸುಮ್ಮನಿರುವುದಿಲ್ಲ.

ಇಂತಹ ಅಂದಾಜುಗಳನ್ನು ಜೀವನವಿಡೀ ತಲೆಕೆಳಗು ಮಾಡಿದವರು ಶ್ರೀರಂಗಪಟ್ಟಣದ ಅರಸು ರಣಧೀರ ಕಂಠೀರವ ನರಸರಾಜ ಒಡೆಯರು. 1615ರಲ್ಲಿ ಜನಿಸಿದ ಅವರು ಬೆಟ್ಟದ ಚಾಮರಾಜ ಒಡೆಯರ ಪುತ್ರರು. ಪಟ್ಟಕ್ಕೆ ಬರುವ ಮುನ್ನ ತಂದೆಯೊಡನೆ ತೆರಕಣಾಂಬಿಯಲ್ಲಿ, ರಾಜಧಾನಿಯ ಗದ್ದಲದಿಂದ ದೂರವಾಗಿ ಬದುಕಿದ್ದರು. ಸಿಂಹಾಸನದ ಹತ್ತಿರಕ್ಕೂ ಸುಳಿಯಲಾರದ ರಾಜಕುಮಾರರೆಂದೇ ಬಹುಜನರು ಭಾವಿಸಿದ್ದಿರಬೇಕು.

ಅವರ ಮಲ್ಲವಿದ್ಯೆಯ ಕುರಿತ ಪ್ರಸಿದ್ಧ ಕಥೆ ಈ ಅಜ್ಞಾತ ದಿನಗಳದ್ದು. ತಿರುಚಿನಾಪಳ್ಳಿಯಲ್ಲಿ ಒಬ್ಬ ಹೆಸರಾಂತ ಜಟ್ಟಿ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿದ್ದನಂತೆ. ಅದರ ಕೆಳಗೆ ನುಸುಳಿ ಹೋದವನು ಸೋಲೊಪ್ಪಿದಂತೆ. ಒಪ್ಪದವನು ಅವನೊಡನೆ ಸೆಣಸಬೇಕು. ಈ ಸುದ್ದಿ ಕೇಳಿದ ಕಂಠೀರವರು ಮಾರುವೇಷದಲ್ಲಿ ಅಲ್ಲಿಗೆ ಹೋಗಿ ಪಂಥವನ್ನು ಸ್ವೀಕರಿಸಿದರು. ಮರುದಿನ ದೊರೆಯ ಸಮ್ಮುಖದಲ್ಲೇ ಆ ಜಟ್ಟಿಯನ್ನು ಕೊಂದು, ಸನ್ಮಾನಕ್ಕೂ ನಿಲ್ಲದೆ ಜನಸಂದಣಿಯಲ್ಲಿ ಮರೆಯಾದರು.

ಈ ಪ್ರಸಂಗಕ್ಕೆ ಐತಿಹ್ಯವೇ ಆಧಾರ. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತಮ್ಮ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸುವ ಹೊತ್ತಿಗೆ ಒಂದೂವರೆ ಶತಮಾನ ಕಳೆದುಹೋಗಿತ್ತು. ಅದು ಕುಸ್ತಿಯೋ ಕತ್ತಿವರಸೆಯೋ ಎಂಬುದರಲ್ಲೂ ಹೇಳಿಕೆಗಳು ಕೂಡಿಬರುವುದಿಲ್ಲ. ಆದರೂ ಕುಸ್ತಿ ಬಲ್ಲವನಿಗೆ ಈ ಕಥೆಯಲ್ಲಿ ಒಂದು ಸತ್ಯ ಕಾಣುತ್ತದೆ. ಅಂದು ಮಲ್ಲರು ಅರಸರ ಅನ್ನದಲ್ಲಿ ಬೆಳೆಯುತ್ತಿದ್ದರು. ಮಲ್ಲನ ಗೆಲುವು ಸಾಕಿದ ದೊರೆಯ ಗೆಲುವೇ ಆಗಿತ್ತು. ಕೀರ್ತಿಯ ಬಲದಿಂದಲೇ ಎದುರಾಳಿಗಳನ್ನು ಅಂಜಿಸುತ್ತಿದ್ದ ಜಟ್ಟಿಗೆ, ಹೆಸರಿಲ್ಲದ ಹುಡುಗನ ಪಟ್ಟುಗಳಾವುವು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಮಟ್ಟಿಯಲ್ಲಿ ಅಪರಿಚಿತನಷ್ಟು ಅಪಾಯಕಾರಿ ಬೇರೊಬ್ಬನಿಲ್ಲ.

ಎರಡನೆಯ ತಪ್ಪು ಅಂದಾಜು ಶ್ರೀರಂಗಪಟ್ಟಣದ ಅರಮನೆಯಲ್ಲೇ ನಡೆಯಿತು. 1638ರಲ್ಲಿ ಇಮ್ಮಡಿ ರಾಜ ಒಡೆಯರು ಮರಣ ಹೊಂದಿದರು. ದಳವಾಯಿ ವಿಕ್ರಮರಾಯನೇ ವಿಷವಿಕ್ಕಿಸಿದನೆಂಬುದು ಪ್ರತೀತಿ. ತೆರಕಣಾಂಬಿಯ ತರುಣ ತನ್ನ ಮಾತು ಮೀರಲಾರನೆಂದು ಎಣಿಸಿಯೇ ದಳವಾಯಿ ಅವರ ಪಟ್ಟಾಭಿಷೇಕಕ್ಕೆ ಸಮ್ಮತಿಸಿರಬೇಕು. ಆಗ ಅವರಿಗೆ 23 ವರ್ಷ. ಹೊಸ ಅರಸರು ಕೂಡಲೇ ಕೈಮಾಡಲಿಲ್ಲ. ನಡೆದುದನ್ನು ಒಳಗೊಳಗೇ ವಿಚಾರಿಸಿ ತಿಳಿದರು. ಬಳಿಕ ಅವರ ಇಬ್ಬರು ನಂಬಿಗಸ್ತರು ರಾತ್ರಿಯ ವೇಳೆ ದಳವಾಯಿಯ ಮನೆಯ ಆವರಣ ಹೊಕ್ಕು ಆತನನ್ನು ಮುಗಿಸಿದರು. ಮೊದಲ ಪಟ್ಟನ್ನು ಎದುರಾಳಿಗೆ ಬಿಟ್ಟುಕೊಟ್ಟು, ಅವನ ತೋಲ ತಪ್ಪುವವರೆಗೆ ಕಾಯುವುದು ಹಳೆಯ ಮಲ್ಲರ ಕ್ರಮ. ಇದು ಧರ್ಮಯುದ್ಧವಲ್ಲ ಎನ್ನುವವರ ಆಕ್ಷೇಪಣೆಯನ್ನು ನಾನು ಅಲ್ಲಗಳೆಯಲಾರೆ.

ಮರುವರ್ಷವೇ ಮೂರನೆಯ ಪರೀಕ್ಷೆ. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಕಸಿದುಕೊಂಡಿದ್ದ ವಿಜಾಪುರದ ರಣದುಲ್ಲಾ ಖಾನ್, 1639ರ ಜನವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಸಿಂಹಾಸನವೇರಿ ಮೂರು ತಿಂಗಳೂ ತುಂಬದ ಅರಸ, ಆಗಷ್ಟೇ ದಳವಾಯಿಯನ್ನು ಕಳೆದುಕೊಂಡ ಸೈನ್ಯ; ಲೆಕ್ಕದಲ್ಲಿ ಇದು ಸಮಜೋಡಿಯಾಗಿರಲಿಲ್ಲ. ಆದರೆ ಕಾವೇರಿಯ ನಡುಗಡ್ಡೆಯ ಕೋಟೆ ಬಗ್ಗಲಿಲ್ಲ. ಭಾರಿ ನಷ್ಟ ಅನುಭವಿಸಿ ಖಾನನ ಸೇನೆ ಹಿಮ್ಮೆಟ್ಟಿತು. ಮೈಸೂರು ಅಂದು ಸೋತಿದ್ದರೆ ಮುಂದಿನ ಚಿಕ್ಕದೇವರಾಜರ ರಾಜ್ಯವನ್ನು ಊಹಿಸುವುದೂ ಕಷ್ಟ.

ತಿರುಚಿನಾಪಳ್ಳಿಯ ಸೇಡು ತೀರಿಸಲು ಹಂತಕರ ಗುಂಪೊಂದು ಅರಮನೆಗೆ ನುಗ್ಗಿತೆಂದೂ, ಅರಸರು ಒಬ್ಬರೇ ಅವರನ್ನು ಸದೆಬಡಿದರೆಂದೂ ಮತ್ತೊಂದು ಕಥೆಯಿದೆ. ಬಂದವರು 25 ಮಂದಿಯಂತೆ. ಕುಸ್ತಿ ಅಭಿಮಾನಿಗಳ ಎಣಿಕೆಯಲ್ಲಿ ಒಂದಿಷ್ಟು ವಜಾ ಮಾಡುವುದು ಒಳ್ಳೆಯದೆಂದು ಅನುಭವದಿಂದ ಬಲ್ಲೆ.

ಮಲ್ಲರಾಗಿದ್ದ ಅರಸರು ಮಲ್ಲರನ್ನು ಪೋಷಿಸಿದ್ದು ಸಹಜ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿ ಉತ್ಸವ ಕಂಠೀರವರ ಕಾಲದಲ್ಲಿ ಎಷ್ಟು ವೈಭವ ಪಡೆದಿತ್ತೆಂಬುದಕ್ಕೆ, ಅವರು ಬದುಕಿದ್ದಾಗಲೇ, 1648ರಲ್ಲಿ, ಗೋವಿಂದ ವೈದ್ಯ ರಚಿಸಿದ ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯ ಕಾವ್ಯ ಸಾಕ್ಷಿ. ಉತ್ಸವದ ವಿನೋದಗಳಲ್ಲಿ ಜಟ್ಟಿಗಳ ಕಾಳಗವೂ ಸೇರಿತ್ತು. ಮುಷ್ಟಿಗೆ ವಜ್ರನಖ ತೊಟ್ಟು ಹೋರಾಡಿ, ಮೊದಲ ರಕ್ತ ಕಂಡೊಡನೆ ನಿಲ್ಲಿಸುವ ವಜ್ರಮುಷ್ಟಿ ಕಾಳಗ ಮೈಸೂರು ದಸರೆಯಲ್ಲಿ ಇಂದಿಗೂ ಉಳಿದಿದೆ.

ಅವರು ಟಂಕಿಸಿದ ಕಂಠೀರಾಯಿ ಹಣ ಎಂಬ ಪುಟ್ಟ ಚಿನ್ನದ ನಾಣ್ಯದ ಮೇಲೆ ನರಸಿಂಹನ ಮೂರ್ತಿ. ಲೆಕ್ಕಪತ್ರಗಳಲ್ಲಿ ಆ ಹೆಸರು 19ನೇ ಶತಮಾನದವರೆಗೂ ಚಲಾವಣೆಯಲ್ಲಿತ್ತು. 1659ರಲ್ಲಿ ಅರಸರು ನಿಧನರಾದಾಗ 44 ವರ್ಷ. ಅವರ ಬಳಿಕ ದೊಡ್ಡ ದೇವರಾಜ ಒಡೆಯರು ಪಟ್ಟಕ್ಕೆ ಬಂದರು.

ಹೆಚ್ಚಿನವರಿಗೆ ಕಂಠೀರವರ ಮುಖವೆಂದರೆ 1960ರ ‘ರಣಧೀರ ಕಂಠೀರವ’ ಚಿತ್ರದ ರಾಜ್‌ಕುಮಾರ್ ಅವರ ಮುಖ. ಆ ತಲೆಮಾರಿನ ಹುಡುಗರಲ್ಲಿ ಎಷ್ಟೋ ಮಂದಿ ಚಿತ್ರ ನೋಡಿ ಬಂದು ಗರಡಿ ಮನೆಯ ಬಾಗಿಲು ತಟ್ಟಿರಬೇಕು. ಶ್ರೀರಂಗಪಟ್ಟಣದಲ್ಲಿ ಅರಸರೇ ಕಟ್ಟಿಸಿದ ನರಸಿಂಹಸ್ವಾಮಿ ದೇವಾಲಯದಲ್ಲಿ ಅವರದೇ ಕಲ್ಲಿನ ಪ್ರತಿಮೆಯಿದೆ. ಕೈಮುಗಿದು ಮುಂದೆ ಸಾಗುವ ಯಾತ್ರಿಕರ ನಡುವೆ ಒಬ್ಬ ಹಳೆಯ ಪೈಲ್ವಾನನಿದ್ದರೆ ಆತ ತುಸು ಹೊತ್ತು ನಿಂತೇ ನಿಲ್ಲುತ್ತಾನೆ. ಆತನ ಕಣ್ಣು ಮೊದಲು ಹೋಗುವುದು ಕಿರೀಟಕ್ಕಲ್ಲ, ಹೆಗಲಿಗೆ.