ಶ್ರೀನಿವಾಸ ರಾಮಾನುಜನ್ನರೂ ಅರವತ್ತರ ಭಾಜಕಗಳೂ

60 ಎಂಬ ಸಂಖ್ಯೆಯನ್ನು ಎರಡು ಪೂರ್ಣಾಂಕಗಳ ಗುಣಲಬ್ಧವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು? ಒಂದರಿಂದ ಮೊದಲ್ಗೊಂಡು ಭಾಗಿಸುತ್ತ ಹೋದರೆ 1ಕ್ಕೆ 60, 2ಕ್ಕೆ 30, 3ಕ್ಕೆ 20, 4ಕ್ಕೆ 15, 5ಕ್ಕೆ 12, 6ಕ್ಕೆ 10, ಹೀಗೆ ಆರು ಜೋಡಿಗಳು ದೊರೆಯುತ್ತವೆ. 7 ನಿಶ್ಶೇಷವಾಗಿ ಭಾಗಿಸದು. ಎಂಟೆಂಟಲು 64 ಆಗಿ ಸಂಖ್ಯೆಯನ್ನೇ ಮೀರುವುದರಿಂದ ಮುಂದೆ ಹುಡುಕಬೇಕಾದುದಿಲ್ಲ. 60ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಜೋಡಿಗಳಿಲ್ಲ. ದಿನವೊಂದಕ್ಕೆ 60 ಘಳಿಗೆಗಳೆಂದೆಣಿಸಿದ ನಮ್ಮ ಪಂಚಾಂಗದಲ್ಲಿ ಪಾಲು ಹಂಚುವುದು ಎಷ್ಟು ಸುಲಭವೆಂಬುದು ಇದರಿಂದಲೇ ವಿದಿತವಾಗುತ್ತದೆ. ಶಾಲಾಬಾಲಕರ ಈ ಲೆಕ್ಕವನ್ನು ಗಂಭೀರವಾದ ಶಾಸ್ತ್ರವಿಚಾರದ ಮಟ್ಟಕ್ಕೇರಿಸಿದವರು ಶ್ರೀನಿವಾಸ ರಾಮಾನುಜನ್ನರು.

ಇವರು 1887ನೆಯ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದರು. ತಂದೆ ಬಟ್ಟೆಯಂಗಡಿಯೊಂದರ ಗುಮಾಸ್ತರು. ಗಣಿತವೊಂದರಲ್ಲಿಯೇ ಮಗ್ನರಾಗಿ ಇತರ ವಿಷಯಗಳನ್ನು ಅಲಕ್ಷಿಸಿದುದರಿಂದ ವಿದ್ಯಾರ್ಥಿವೇತನವೂ ಹೋಯಿತು, ಎಫ್.ಎ. ಪರೀಕ್ಷೆಯೂ ಕೈಗೂಡಲಿಲ್ಲ. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಗಳ ಗುಮಾಸ್ತೆಗಿರಿ ದೊರೆತುದೇ ಭಾಗ್ಯವಾಯಿತು. ಪರೀಕ್ಷೆಯೊಂದನ್ನೇ ಒರೆಗಲ್ಲಾಗಿಸಿಕೊಂಡ ಅಂದಿನ ವಿದ್ಯಾಪದ್ಧತಿಗೆ ಚಿನ್ನದ ಗುರುತು ಸಿಕ್ಕಲಿಲ್ಲವೆಂದು ಹೇಳಲು ನಾವು ಸಂಕೋಚಪಡುವುದಿಲ್ಲ. 1913ರಲ್ಲಿ ಇವರು ಬರೆದ ಕಾಗದವನ್ನು ಕಂಡು ಬೆರಗಾದ ಕೇಂಬ್ರಿಜ್ಜಿನ ಹಾರ್ಡಿಯವರ ಪ್ರಯತ್ನದಿಂದ ಮರುವರ್ಷ ಸಮುದ್ರಯಾನ ಒದಗಿತು.

ಅಲ್ಲಿ 1915ರಲ್ಲಿ ಪ್ರಕಟವಾದ ದೀರ್ಘ ಪ್ರಬಂಧದ ವಿಷಯವೇ ಭಾಜಕಬಹುಳವಾದ ಸಂಖ್ಯೆಗಳು. ಎಂದರೆ, ತನಗಿಂತ ಚಿಕ್ಕದಾದ ಪ್ರತಿಯೊಂದು ಸಂಖ್ಯೆಗಿಂತಲೂ ಹೆಚ್ಚು ಭಾಜಕಗಳುಳ್ಳವು. 12, 24, 36, 48, 60, ಅಲ್ಲಿಂದ ಒಮ್ಮೆಗೇ 120. ಇವು ಮನಬಂದಂತೆ ಹುಟ್ಟಿದವುಗಳಲ್ಲ. 60ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ಎರಡು 2, ಒಂದು 3, ಒಂದು 5 ದೊರೆಯುವುವಷ್ಟೆ. ಇಂತಹ ಸಂಖ್ಯೆಗಳಲ್ಲೆಲ್ಲ 2ರಿಂದ ಹಿಡಿದು ಯಾವ ಅವಿಭಾಜ್ಯವೂ ನಡುವೆ ತಪ್ಪುವುದಿಲ್ಲ. ದೊಡ್ಡದು ಚಿಕ್ಕದಕ್ಕಿಂತ ಹೆಚ್ಚು ಸಲ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಒಮ್ಮೆ ಮಾತ್ರ ಬರುತ್ತದೆ. ಈ ಕಡೆಯ ನಿಯಮಕ್ಕೆ 4 ಮತ್ತು 36 ಇವೆರಡೇ ಅಪವಾದಗಳೆಂಬುದನ್ನೂ ರಾಮಾನುಜನ್ನರು ಸಾಧಿಸಿದರು. 67,46,32,83,88,800ರವರೆಗೆ ಅವರು ಕೊಟ್ಟ ನೂರಕ್ಕೂ ಮಿಕ್ಕ ಸಂಖ್ಯೆಗಳ ಪಟ್ಟಿಯಲ್ಲಿ ತಪ್ಪಿಹೋದುದು ಒಂದೇ ಒಂದು. ಆ ಕಡೆಯ ಸಂಖ್ಯೆಗೆ 10,080 ಭಾಜಕಗಳಿವೆ!

ಈ ಪ್ರಬಂಧಕ್ಕಾಗಿಯೇ 1916ರಲ್ಲಿ ಕೇಂಬ್ರಿಜ್ ಇವರಿಗೆ ಬಿ.ಎ. ಪದವಿಯನ್ನಿತ್ತಿತು. ಸ್ವದೇಶದಲ್ಲಿ ಎಫ್.ಎ.ಯನ್ನೇ ದಾಟದವರು 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರೂ ಆದರು. ಆದರೆ ಪ್ರಬಂಧವು ಪೂರ್ಣವಾಗಿ ಬೆಳಕು ಕಂಡಿರಲಿಲ್ಲ. ಲಂಡನ್ನಿನ ಗಣಿತಸಂಘಕ್ಕೆ ಆಗ ಹಣದ ಮುಗ್ಗಟ್ಟಿದ್ದುದರಿಂದ ವೆಚ್ಚವನ್ನುಳಿಸಲೆಂದು ಅದರ ಒಂದು ಭಾಗವನ್ನು ತಡೆಹಿಡಿಯಬೇಕಾಯಿತು. ರೋಗಪೀಡಿತರಾಗಿ 1919ರಲ್ಲಿ ತಾಯ್ನಾಡಿಗೆ ಮರಳಿದ ರಾಮಾನುಜನ್ನರು 1920ನೆಯ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡರು. ಉಳಿದ ಆ ಹಾಳೆಗಳು ಅಚ್ಚಾದುದು 1988ರಲ್ಲಿ.