ಲಾ ಕಾಲೇಜಿನ ಬಾಗಿಲು ತೆಗೆಸಿದ ಪೋಸ್ಟ್‌ಮ್ಯಾನ್ ಹೀಮನ್ ಸ್ವೆಟ್

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ 1912ರಲ್ಲಿ ಹುಟ್ಟಿದ ಹೀಮನ್ ಸ್ವೆಟ್ ಕಪ್ಪುವರ್ಣೀಯರು. ಡಿಗ್ರಿ ಮುಗಿಸಿದ್ದರೂ ಮಾಡ್ತಿದ್ದದ್ದು ಮನೆಮನೆಗೆ ಟಪಾಲು ಹಂಚುವ ಕೆಲಸ. ಅಂಚೆ ಇಲಾಖೆಯಲ್ಲಿ ತಮ್ಮವರಿಗೆ ಬಡ್ತಿ ಕೊಡದ್ದನ್ನು ಪ್ರಶ್ನಿಸಲು ಹೋಗಿ ಕಾನೂನಿನ ಗೀಳು ಹತ್ತಿತು.

1946ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾ ಸ್ಕೂಲ್‌ಗೆ ಅರ್ಜಿ ಹಾಕಿದರು. ಅದು ಸರ್ಕಾರಿ ಸಂಸ್ಥೆ. ಓದಿನ ಅರ್ಹತೆ ಇತ್ತು, ಅಡ್ಡ ಬಂದದ್ದು ಬಣ್ಣ ಮಾತ್ರ. ಸ್ವೆಟ್ ಕೋರ್ಟಿಗೆ ಹೋದರು. ಸೀಟು ಕೊಡೋ ಬದಲು ಸರ್ಕಾರ ಕಪ್ಪುವರ್ಣೀಯರಿಗೇ ಅಂತ ಬೇರೆ ಲಾ ಸ್ಕೂಲ್ ತೆರೆಯಿತು. ಅದಕ್ಕೆ ಸೇರಲು ಸ್ವೆಟ್ ಒಪ್ಪಲಿಲ್ಲ.

ಕೇಸು ಸುಪ್ರೀಂ ಕೋರ್ಟ್ ತಲುಪಿದಾಗ ಹಳೇ ಲಾ ಸ್ಕೂಲ್‌ನಲ್ಲಿ 850 ವಿದ್ಯಾರ್ಥಿಗಳು, 16 ಪೂರ್ಣಾವಧಿ ಅಧ್ಯಾಪಕರು, 65,000ಕ್ಕೂ ಹೆಚ್ಚು ಪುಸ್ತಕ. ಹೊಸದರಲ್ಲಿ 23 ವಿದ್ಯಾರ್ಥಿಗಳು, 5 ಅಧ್ಯಾಪಕರು, 16,500 ಪುಸ್ತಕ. ಲೆಕ್ಕ ಇಷ್ಟಕ್ಕೇ ಮುಗಿಯಲ್ಲ ಅಂತ ಕೋರ್ಟ್ ಕಂಡುಕೊಂಡಿತು. ಸಂಸ್ಥೆಯ ಹೆಸರು, ಹಳೇ ವಿದ್ಯಾರ್ಥಿಗಳ ನಂಟು, ನಾಳೆ ಕೋರ್ಟಿನಲ್ಲಿ ಎದುರಾಗುವ ವಕೀಲರ ಜೊತೆ ಕೂತು ಕಲಿಯುವ ಅವಕಾಶ, ಇವನ್ನೆಲ್ಲ ಬೇರೆ ಕಟ್ಟಡದಲ್ಲಿ ಕೊಡೋಕೆ ಆಗಲ್ಲ. 1950ರ ಜೂನ್ 5ರಂದು ಎಲ್ಲ ನ್ಯಾಯಮೂರ್ತಿಗಳೂ ಸ್ವೆಟ್ ಪರ ತೀರ್ಪು ಕೊಟ್ಟರು.

ಅದೇ ಸೆಪ್ಟೆಂಬರ್‌ನಲ್ಲಿ ಸ್ವೆಟ್ ಕ್ಲಾಸಿಗೆ ಕೂತರು. ಆದರೆ ವರ್ಷಗಟ್ಟಲೆ ಕೋರ್ಟು ಅಲೆದು ಆರೋಗ್ಯ ಕೆಟ್ಟಿತ್ತು, ಸಂಸಾರವೂ ಮುರಿಯಿತು. 1952ರಲ್ಲಿ ಓದು ಬಿಟ್ಟರು, ವಕೀಲರಾಗಲೇ ಇಲ್ಲ. ಮುಂದೆ ಅಟ್ಲಾಂಟಾದಲ್ಲಿ ಸಮಾಜಕಾರ್ಯ ಓದಿ ಬಡವರ ಪರ ಕೆಲಸ ಮಾಡಿದರು.

1954ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಭೇದ ತೆಗೆದ ತೀರ್ಪಿಗೆ ಇವರ ಕೇಸೇ ಆಧಾರಗಳಲ್ಲೊಂದು. 1982ರಲ್ಲಿ ತೀರಿಕೊಂಡ ಸ್ವೆಟ್ ಹೆಸರನ್ನು ಟೆಕ್ಸಾಸ್‌ನ ರಾಜಧಾನಿ ಆಸ್ಟಿನ್‌ನ ಕೋರ್ಟ್ ಕಟ್ಟಡಕ್ಕೂ ಇಡಲಾಗಿದೆ.